ಮಾಘದ ಕೊನೆಯಲ್ಲಿ ಚಿಗುರುವ ಕಾಡು



ಚಳಿಗಾಲ ಮುಗಿಯುವ ಈ ವಾರಗಳನ್ನು ಮಲೆನಾಡಿಗರಾದ ನಾವು ಆತಂಕದಿಂದಲೇ ಎಣಿಸುತ್ತೇವೆ. ಹಳ್ಳದ ಸದ್ದು ಅಡಗುತ್ತದೆ. ಬಾವಿಯ ಹಗ್ಗ ಉದ್ದವಾಗುತ್ತದೆ. ಅಡಕೆಯ ಸೋಗೆಯಲ್ಲಿ ಎಲೆಚುಕ್ಕಿ ರೋಗವನ್ನು ಕಂಡು ಮನಸ್ಸು ಕುಗ್ಗುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಮರುವರ್ಷದ ಫೆಬ್ರವರಿ ಹೇಗಿತ್ತೆಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಂತಹ ಹೊತ್ತಿನಲ್ಲಿ ಬರಿಯ ಧೈರ್ಯದ ಮಾತುಗಳಲ್ಲಿ ನನಗೆ ಅಷ್ಟಾಗಿ ನಂಬಿಕೆಯಿಲ್ಲ. ಕಣ್ಣಿಗೆ ಕಾಣುವುದನ್ನಷ್ಟೇ ಹೇಳುತ್ತೇನೆ. ನೆಲ ಒಣಗುತ್ತಿರುವಾಗಲೇ ಸಾಗಡೆ ಮರವು ಕೆಂಪು ಚಿಗುರನ್ನು ತಳೆಯುತ್ತದೆ. ಬೂರುಗ, ಮುತ್ತುಗಗಳು ಎಲೆ ಕಳಚಿ ಹೂವಾಗುತ್ತವೆ. ಹಲಸಿನ ಕಾಂಡದಲ್ಲಿ ಎಳೆಗಾಯಿ ಮೂಡುತ್ತದೆ. ಮುಂಗಾರಿಗೆ ಇನ್ನೂ ಮೂರು ತಿಂಗಳಿಗೂ ಹೆಚ್ಚು ಕಾಲವಿದೆ! ನೀರಿಲ್ಲದ ಕಾಲದಲ್ಲಿ ಈ ದುಂದುಗಾರಿಕೆ ಏಕೆ?

ಇದು ದುಂದಲ್ಲ, ಲೆಕ್ಕಾಚಾರ. ಹಳೆಯ ಎಲೆ ಉದುರಿದೊಡನೆ ನೀರಿನ ವ್ಯಯ ತಗ್ಗುತ್ತದೆ. ಆಳದ ಬೇರು ತಂದ ತೇವದಿಂದ ಕಾಂಡ ಮತ್ತೆ ತುಂಬಿಕೊಳ್ಳುತ್ತದೆ. ಜೊತೆಗೆ, ಎಲೆ ತಿನ್ನುವ ಕೀಟಗಳು ಹೆಚ್ಚುವುದು ಮಳೆ ಬಂದ ಮೇಲೆ. ಮುದುಮಲೆಯ ಎಲೆಯುದುರುವ ಕಾಡಿನ ಕುರಿತು ಕೆ. ಎಸ್. ಮುರಳಿ ಮತ್ತು ರಾಮನ್ ಸುಕುಮಾರ್ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಣ ಋತುವಿನಲ್ಲೇ ಚಿಗುರಿದ ಮರಗಳು ತಡವಾಗಿ ಚಿಗುರಿದವುಗಳಿಗಿಂತ ಕಡಿಮೆ ಕೀಟಹಾನಿಗೆ ಒಳಗಾಗಿದ್ದುದು ಕಂಡುಬಂದಿತು. ಕೀಟಗಳು ಬರುವ ಹೊತ್ತಿಗೆ ಆ ಎಲೆ ಬಲಿತು ಗಡುಸಾಗಿರುತ್ತದೆ. (ನಮ್ಮ ಕಾಡು ಮುದುಮಲೆಗಿಂತ ತೇವದ್ದು, ಅದೇ ಅಳತೆಯನ್ನು ಇಲ್ಲಿಗೆ ಹಾಗೆಯೇ ಹಚ್ಚಬಾರದು.)

ತೋಟದಲ್ಲಿಯೂ ಈ ವಾರಗಳು ಬಿಡುವಿನ ವಾರಗಳೇ. ಎಲೆಚುಕ್ಕಿಯ ಶಿಲೀಂಧ್ರವು ಮಳೆಹನಿಯ ಸಿಡಿತದಿಂದಲೂ ಗಾಳಿಯಿಂದಲೂ ಹರಡುತ್ತದೆ. ಆದ್ದರಿಂದ ರೋಗ ತಗುಲಿದ ಸೋಗೆಯನ್ನು ಕತ್ತರಿಸಿ ಹೊರಸಾಗಿಸಲು ಒಣಹವೆಯೇ ಅನುಕೂಲ. ಒಬ್ಬರ ತೋಟದಲ್ಲಿ ಮಾಡಿದರೆ ಸಾಲದು, ಇಡೀ ಕೇರಿಯೇ ಒಂದಾಗಿ ಮಾಡಬೇಕು. ಕತ್ತರಿಸಿದ್ದನ್ನು ಬೆಟ್ಟದ ಅಂಚಿನಲ್ಲಿ ಸುಡುವುದು ಮಾತ್ರ ಬೇಡ. ಚಿಗುರು ಮೂಡುವ ವಾರಗಳೂ ಕಾಳ್ಗಿಚ್ಚಿನ ವಾರಗಳೂ ಒಂದೇ. ತರಗೆಲೆಗೆ ಹತ್ತಿದ ಒಂದು ಕಿಡಿಗೆ ಎಳೆಯ ಸಸಿಗಳೆಲ್ಲ ಬಲಿಯಾಗುತ್ತವೆ.

ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಶಾಲೆಯ ದಾರಿಯಲ್ಲಿ ಒಂದು ಮರವನ್ನು ಆರಿಸಿಕೊಳ್ಳಿ. ವಾರಕ್ಕೊಮ್ಮೆ ಅದರ ಮೊಗ್ಗು, ಹೂವು, ಚಿಗುರು, ಕಾಯಿಗಳನ್ನು ದಿನಾಂಕ ಸಹಿತ ಬರೆದಿಡಿ. ಹಳ್ಳ ಹರಿವು ನಿಲ್ಲಿಸಿದ ದಿನವನ್ನೂ ಬರೆಯಿರಿ. ಹಿಂದೆಲ್ಲ ಹೀಗಿತ್ತು ಎನ್ನುವ ಹಿರಿಯರ ಮಾತನ್ನೂ ಪಕ್ಕದ ಅಂಕಣದಲ್ಲಿ ಸೇರಿಸಿ. ಹವೆ ಬದಲಾಗುತ್ತಿದೆಯೆಂಬ ಚರ್ಚೆಯಲ್ಲಿ ನಮ್ಮೂರಿನ ಪುರಾವೆ ಬೇರೆಲ್ಲಿಯೂ ದೊರೆಯದು.

ಈ ಸಭಾಂಗಣದ ಹಿಂದಿನ ಸೊಪ್ಪಿನಬೆಟ್ಟದಲ್ಲಿ ಒಂದು ಸಾಗಡೆ ಮರ ಚಿಗುರಿದೆ. ಚಹಾ ಆದ ಬಳಿಕ ಬರುವವರು ಬನ್ನಿ, ಮೊದಲ ದಿನಾಂಕವನ್ನು ಅಲ್ಲಿಯೇ ಬರೆಯೋಣ.