ಆರ್ಥಿಕ ಯೋಜನೆಯಲ್ಲಿ ರೈತ ಸಂಘಟನೆಗಳ ಪಾತ್ರ: ಐರ್ಲೆಂಡಿನ ಅನುಭವ



ದೇಶದ ಆರ್ಥಿಕ ಯೋಜನೆ ರಾಜಧಾನಿಯ ಅಧಿಕಾರಿಗಳಿಗೆ ಸೇರಿದ್ದು, ಉಳುವವನಿಗೆ ಅಲ್ಲೇನು ಕೆಲಸ ಎಂದು ಅನೇಕರು ಭಾವಿಸುವುದುಂಟು. ಆದರೆ ತೆರಿಗೆ, ಬೆಲೆ, ಸಾಲ ಇವೆಲ್ಲ ತೀರ್ಮಾನವಾಗುವುದು ಅಲ್ಲಿಯೇ. ಆ ತೀರ್ಮಾನದಲ್ಲಿ ರೈತರೂ ಪಾಲುಗೊಂಡರೆ ಏನಾಗುತ್ತದೆಂಬುದಕ್ಕೆ ಐರ್ಲೆಂಡ್ ಒಳ್ಳೆಯ ನಿದರ್ಶನ.

ಐರ್ಲೆಂಡ್ ಹೈನುಗಾರಿಕೆಗೆ ಹೆಸರಾದ ಪುಟ್ಟ ದೇಶ. 1966ರ ಅಕ್ಟೋಬರಿನಲ್ಲಿ ಅಲ್ಲಿಯ ರೈತರು ನ್ಯಾಯವಾದ ಬೆಲೆ ಬೇಡಿ, ಬ್ಯಾಂಟ್ರಿಯಿಂದ ರಾಜಧಾನಿ ಡಬ್ಲಿನ್‌ಗೆ 200 ಮೈಲಿಗೂ ಹೆಚ್ಚು ದೂರ ನಡೆದು ಬಂದರು. ಕೃಷಿ ಮಂತ್ರಿ ಚಾರ್ಲ್ಸ್ ಹಾಹಿ ಅವರನ್ನು ಕಾಣಲು ಒಪ್ಪಲಿಲ್ಲ. ಒಂಬತ್ತು ಮಂದಿ ಮುಖಂಡರು ಕಚೇರಿಯ ಮೆಟ್ಟಿಲ ಮೇಲೆ ಸುಮಾರು 20 ದಿನ ಕುಳಿತರು.

1979ರಲ್ಲಿ ಸರ್ಕಾರ ಕೃಷಿ ಉತ್ಪನ್ನದ ಮೇಲೆ ನೂರಕ್ಕೆ 2ರಂತೆ ಕರ ಹಾಕಲು ಹೊರಟು, ರೈತರ ವಿರೋಧಕ್ಕೆ ಮಣಿದು ಹಿಂದೆಗೆಯಿತು. ಸಂಬಳದಲ್ಲಿಯೇ ತೆರಿಗೆ ಕಡಿತವಾಗುತ್ತಿದ್ದ ಕಾರ್ಮಿಕರು ಇದರಿಂದ ಕೆರಳಿ ದೊಡ್ಡ ಸಂಖ್ಯೆಯಲ್ಲಿ ಬೀದಿಗಿಳಿದರು. ರೈತರಿಗೂ ಕಾರ್ಮಿಕರಿಗೂ ಎಣ್ಣೆ ಸೀಗೆಕಾಯಿಯ ಸಂಬಂಧವಾಯಿತು.

1987ರ ಹೊತ್ತಿಗೆ ದೇಶದ ಸಾಲ ಒಂದು ವರ್ಷದ ರಾಷ್ಟ್ರೀಯ ಉತ್ಪನ್ನವನ್ನೂ ಮೀರಿತ್ತು. ದುಡಿಯಬಲ್ಲ ನೂರು ಜನರಲ್ಲಿ ಸುಮಾರು 17 ಮಂದಿಗೆ ಕೆಲಸವಿರಲಿಲ್ಲ. ಆಗ ಪ್ರಧಾನಿಯಾಗಿದ್ದವರು ಅದೇ ಹಾಹಿ. ಈ ಸಲ ಅವರು ಮಾಲೀಕರು, ಕಾರ್ಮಿಕರು, ರೈತರು ಮೂವರನ್ನೂ ಮಾತುಕತೆಗೆ ಕರೆದರು. ರೈತರ ಪರವಾಗಿ ರೈತ ಸಂಘ, ಯುವ ರೈತರ ಸಂಸ್ಥೆ, ಸಹಕಾರಿ ಸಂಘಗಳ ಒಕ್ಕೂಟ ಭಾಗವಹಿಸಿದವು. ಅಕ್ಟೋಬರಿನಲ್ಲಿ ರಾಷ್ಟ್ರೀಯ ಪುನಶ್ಚೇತನ ಕಾರ್ಯಕ್ರಮಕ್ಕೆ ಎಲ್ಲರೂ ಒಪ್ಪಿದರು. ವೇತನದ ಏರಿಕೆ ವರ್ಷಕ್ಕೆ ನೂರಕ್ಕೆ ಸುಮಾರು 2.5ಕ್ಕೆ ಸೀಮಿತವಾಯಿತು, ಬದಲಿಗೆ ಸರ್ಕಾರ ಆದಾಯ ತೆರಿಗೆ ಇಳಿಸುವ ಮಾತು ಕೊಟ್ಟಿತು.

ಇದು ಸಾಧ್ಯವಾದುದು ಹೇಗೆ? 1973ರಿಂದಲೇ ಅಲ್ಲಿ ರಾಷ್ಟ್ರೀಯ ಆರ್ಥಿಕ ಸಾಮಾಜಿಕ ಮಂಡಲಿ ಇತ್ತು. ಮಾಲೀಕರು, ಕಾರ್ಮಿಕರು, ರೈತರು ಇವರೆಲ್ಲರ ಪ್ರತಿನಿಧಿಗಳೂ ಅದರ ಸದಸ್ಯರಾಗಿದ್ದರು. 1986ರಲ್ಲಿ ಅವರು ದೇಶದ ಸ್ಥಿತಿಯನ್ನು ಕುರಿತು ಒಂದೇ ವರದಿಗೆ ಒಪ್ಪಿದ್ದರು. ಮೊದಲು ಲೆಕ್ಕ ಒಪ್ಪಿದರು, ಆಮೇಲೆ ಚೌಕಾಸಿಗೆ ಕುಳಿತರು. ಕೊಟ್ಟ ಮಾತು ನಡೆಯುತ್ತಿದೆಯೇ ಎಂದು ನೋಡಲು ಪರಿಶೀಲನಾ ಸಮಿತಿಯೂ ಇತ್ತು.

ಮುಷ್ಕರಗಳು ಕಡಿಮೆಯಾದವು. 2000ದ ವೇಳೆಗೆ ನಿರುದ್ಯೋಗ ನೂರಕ್ಕೆ 5ಕ್ಕಿಂತ ಕೆಳಗಿಳಿಯಿತು. ವಿದೇಶಿ ಬಂಡವಾಳ, ಯುರೋಪಿನ ನೆರವು ಸಹ ಇದಕ್ಕೆ ಕಾರಣ. ಕೊರತೆಗಳೂ ಇದ್ದವು. ನಿರುದ್ಯೋಗಿಗಳ ಸಂಘಟನೆಗೆ ಮಾತುಕತೆಯಲ್ಲಿ ಸ್ಥಾನ ಸಿಕ್ಕಿದ್ದು 1996ರಲ್ಲಿ. ಸಣ್ಣ ಹಿಡುವಳಿಗಳು ಕಡಿಮೆಯಾಗುವುದು ನಿಲ್ಲಲಿಲ್ಲ. 2009ರ ಆರ್ಥಿಕ ಸಂಕಟದಲ್ಲಿ ಈ ಒಪ್ಪಂದಗಳ ಪದ್ಧತಿಯೇ ಮುರಿದುಬಿತ್ತು.

ರೈತ ಸಂಘಟನೆಗಳು ಗಮನಿಸಬೇಕಾದ ಅಂಶಗಳು ಇವು:

1. ಬೇಡಿಕೆಯೊಡನೆ ಬೇಸಾಯದ ಖರ್ಚುವೆಚ್ಚದ ಸರಿಯಾದ ಲೆಕ್ಕವನ್ನೂ ಒಯ್ಯಬೇಕು.

2. ಪಡೆಯುವುದರ ಜೊತೆಗೆ ಕೊಡುವುದಕ್ಕೂ ಸಿದ್ಧರಿರಬೇಕು.

3. ಸಣ್ಣ ಹಿಡುವಳಿದಾರ, ಕೂಲಿಗಾರ ಇವರ ಮಾತೂ ಅಲ್ಲಿ ಕೇಳಿಬರಬೇಕು.

4. ಒಪ್ಪಂದವಾದ ಮೇಲೆ ಅದರ ಜಾರಿಯನ್ನು ತಪ್ಪದೆ ಪರಿಶೀಲಿಸುತ್ತಿರಬೇಕು.

ಮೆಟ್ಟಿಲ ಮೇಲೆ ಕುಳಿತವರು ಒಳಗೆ ಬರಲು ಐರ್ಲೆಂಡಿನಲ್ಲಿ 21 ವರ್ಷ ಹಿಡಿಯಿತು. ಒಳಗೆ ಬಂದ ಮೇಲೂ ಎಚ್ಚರ ತಪ್ಪಬಾರದೆಂಬುದೇ ಅವರ ಅನುಭವದ ಸಾರ.