ಗರ್ಭಿಣಿಯ ಚಿಂತೆಯೂ ಮನೆಯವರ ಕರ್ತವ್ಯವೂ



ಸೊಸೆಯು ಬಸುರಾದಳೆಂಬ ವಾರ್ತೆಯಿಂದ ಮನೆಯೆಲ್ಲ ಹಿಗ್ಗುವದು. ಮುಂದೆ ಕುಬಸದ ಸಂಭ್ರಮ. ಹಸಿರು ಸೀರೆ, ಹಸಿರು ಬಳೆ, ಆರತಿ, ಬಯಕೆಯ ಅಡಿಗೆ. ಎಂಟನೆಯ ತಿಂಗಳಲ್ಲಿ ಗರ್ಭಸ್ಥ ಶಿಶುವಿಗೆ ಲಿಂಗಸಂಸ್ಕಾರ ಮಾಡುವ ಸಂಪ್ರದಾಯವೂ ಸಮಾಜದಲ್ಲುಂಟು. ಶಿಶುವಿಗೆ ಇಷ್ಟು ಆದರವಿರಲು, ಅದನ್ನು ಹೊತ್ತ ತಾಯಿಯ ಮನಸ್ಸು ಹೇಗಿರುವದೆಂದು ಕೇಳುವವರು ವಿರಳ.

ಆ ಮನಸ್ಸಿನಲ್ಲಿ ಅನೇಕ ಭಯಗಳಿರುವವು. ಚೊಚ್ಚಲ ಬಸುರಿಗೆ ಹೆರಿಗೆಯ ಅಂಜಿಕೆ. ಹಿಂದೆ ಗರ್ಭ ಇಳಿದವಳಿಗೆ ಅದು ಮರಳಿ ಆದೀತೆಂಬ ದಿಗಿಲು. ಬಡವಳಿಗೆ ಖರ್ಚಿನ ಚಿಂತೆ. ಹೆಣ್ಣು ಹೆತ್ತವಳಿಗೆ “ಈ ಸಲವಾದರೂ ಗಂಡಾಗಲಿ” ಎಂಬ ಹಿರಿಯರ ಮಾತಿನ ಕೊರಗು. ಗಂಡೋ ಹೆಣ್ಣೋ ಎಂಬದು ತಂದೆಯ ಬೀಜದಿಂದ ನಿರ್ಣಯವಾಗುವದು. ಆದರೂ ನಿಂದೆಯು ತಾಯಿಗೇ ಬರುವದು.

ಇಂಥ ಚಿಂತೆಯು ಭಕ್ತಿಯ ಕೊರತೆಯಲ್ಲ, ಹೇಡಿತನವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು ೧೦ ಜನರು ಒಂದಿಲ್ಲೊಂದು ಮನೋವ್ಯಾಧಿಗೆ ಒಳಗಾಗುವರು. “ಎಲ್ಲವೂ ಶಿವನಿಚ್ಛೆ, ಸುಮ್ಮನಿರು” ಎಂದು ಬಾಯಿ ಮುಚ್ಚಿಸಿದರೆ ಭಯವು ಹೋಗದು, ಒಳಗೊಳಗೇ ಬೇರೂರುವದು.

ಮಾತಿನಿಂದ ಎಷ್ಟು ಗುಣವಾಗುವದೆಂಬದಕ್ಕೆ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದು ೨೦೨೪ರಲ್ಲಿ ಪ್ರಕಟವಾದ ಒಂದು ಪ್ರಯೋಗವು ಸಾಕ್ಷಿ. ಅಲ್ಲಿ ವೈದ್ಯರಲ್ಲದ, ಆದರೆ ತರಬೇತಿ ಹೊಂದಿದವರು ಚಿಂತಾಕ್ರಾಂತ ಗರ್ಭಿಣಿಯರೊಡನೆ ಕುಳಿತು, ಅಂಜಿಕೆಯ ವಿಚಾರಗಳನ್ನು ಗುರುತಿಸಿ ಹಿತವಾದ ವಿಚಾರಗಳನ್ನು ರೂಢಿಸಲು ಕಲಿಸಿದರು. ಹೆರಿಗೆಯಾಗಿ ಆರು ವಾರಗಳ ತರುವಾಯ ನೋಡಲು, ಈ ನೆರವು ಪಡೆದವರಲ್ಲಿ ನೂರಕ್ಕೆ ೯ ಜನರಲ್ಲಿಯೂ, ಪಡೆಯದವರಲ್ಲಿ ೨೭ ಜನರಲ್ಲಿಯೂ ಮಧ್ಯಮ ಅಥವಾ ತೀವ್ರತರದ ಚಿಂತೆಯು ಕಂಡುಬಂದಿತು.

ಮನೆಯವರು ಮಾಡತಕ್ಕದ್ದು ಕಠಿಣವಲ್ಲ. ಗಂಡನು ವೈದ್ಯರ ಬಳಿಗೆ ತಾನೂ ಜೊತೆಗೆ ಹೋಗಲಿ. ಅತ್ತೆಯವರು ಸೊಸೆಯ ಮುಂದೆ ಕಷ್ಟದ ಹೆರಿಗೆಗಳ ಕಥೆ ಹೇಳದಿರಲಿ. ಕುಬಸಕ್ಕೆ ಬಂದ ಅನುಭವಸ್ಥ ತಾಯಂದಿರು ಆಕೆಯ ಪ್ರಶ್ನೆಗಳನ್ನು ಕೇಳಿ, ಆಸ್ಪತ್ರೆಯಲ್ಲಿ ನಡೆಯುವದನ್ನು ಇದ್ದಂತೆ ತಿಳಿಸಲಿ. ಗರ್ಭಿಣಿಯೂ ಸಾಕಷ್ಟು ನಿದ್ರೆ ಮಾಡಲಿ. ವೈದ್ಯರು ಒಪ್ಪಿದಷ್ಟು ನಡೆದಾಡಲಿ. ದಿಗಿಲಾದಾಗ ನಿಧಾನವಾಗಿ ಉಸಿರಾಡಲಿ. ಮನಸ್ಸಿನ ಮಾತನ್ನು ನಂಬಿಕೆಯವರಲ್ಲಿ ಆಡಲಿ. ನಿದ್ರಾನಾಶ, ಅಳು, ಎದೆಬಡಿತಗಳು ಎರಡು ವಾರ ಕಳೆದರೂ ನಿಲ್ಲದಿದ್ದರೆ ವೈದ್ಯರಿಗೆ ತಿಳಿಸುವದು ಅವಶ್ಯ. ಸಾಯುವ ವಿಚಾರ ಬಂದರಂತೂ ಒಂದು ದಿನವೂ ತಡೆಯಲಾಗದು. ಸರಕಾರದ ಟೆಲಿ ಮಾನಸ್ ಸಹಾಯವು ೧೪೪೧೬ ಎಂಬ ದೂರವಾಣಿಯಲ್ಲಿ ಉಚಿತವಾಗಿ ದೊರೆಯುವದು.

ಹಸಿದವರಿಗೆ ಅನ್ನವಿಕ್ಕುವದು ದಾಸೋಹವಾದರೆ, ಅಂಜಿದ ತಾಯಿಗೆ ಕಿವಿಗೊಡುವದೂ ದಾಸೋಹವೇ. ಅದು ಪ್ರತಿಯೊಂದು ಭಕ್ತರ ಮನೆಯಲ್ಲಿಯೂ ನಡೆಯಲಿ.