ನೀರಿನ ಮಾತಿಗೆ ಯಾವ ನ್ಯಾಯಾಲಯ?

ಸಿಂಧನೂರಿನ ರೈತನೊಬ್ಬ ತನ್ನ ಊರಿನಲ್ಲಿಯೇ ಕರಾರು ಮಾಡಿಕೊಂಡು ಲಿಂಗಸುಗೂರಿನ ವರ್ತಕನಿಗೆ ನೂರು ಚೀಲ ಭತ್ತ ಮಾರಿದನೆಂದು ಇಟ್ಟುಕೊಳ್ಳೋಣ. ಭತ್ತ ಹೋಯಿತು, ಹಣ ಬರಲಿಲ್ಲ. ದಾವೆ ಹೂಡುವುದೆಲ್ಲಿ? 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೆಯ ಕಲಮು ಇದಕ್ಕೆ ಉತ್ತರ ಹೇಳುತ್ತದೆ. ಪ್ರತಿವಾದಿ ವಾಸಿಸುವ ಕಡೆ ಹೂಡಬಹುದು. ವ್ಯಾಜ್ಯದ ಕಾರಣ ಪೂರ್ತಿಯಾಗಿಯೋ ಭಾಗಶಃವೋ ಹುಟ್ಟಿದ ಕಡೆಯೂ ಹೂಡಬಹುದು. ನಮ್ಮ ರೈತ ಲಿಂಗಸುಗೂರಿಗೆ ಅಲೆಯಬೇಕಾಗಿಲ್ಲ.

ಆದರೆ ಆ ಭತ್ತವನ್ನು ಬೆಳೆಸಿದ ಎಡದಂಡೆ ಕಾಲುವೆಯ ನೀರೂ ಒಂದು ಮಾತಿನ ಮೇಲೆಯೇ ಹರಿದು ಬಂದದ್ದು. ಆ ಮಾತು ತಪ್ಪಿದರೆ ತಟ್ಟಬೇಕಾದ ಬಾಗಿಲು ಯಾವುದು?

1944ರಲ್ಲಿ ಮದರಾಸು ಪ್ರಾಂತವೂ ಹೈದರಾಬಾದು ಸಂಸ್ಥಾನವೂ ತುಂಗಭದ್ರೆಯಿಂದ ತಲಾ 65 ಟಿ.ಎಂ.ಸಿ. ನೀರು ತೆಗೆದುಕೊಳ್ಳುವುದೆಂದು ಒಪ್ಪಿದವು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ದೆಹಲಿಯಲ್ಲಿ 1937ರಿಂದಲೇ ಫೆಡರಲ್ ಕೋರ್ಟು ಇತ್ತು, ನಿಜ. ನಿಜಾಮರು ಮಾತ್ರ ಒಕ್ಕೂಟಕ್ಕೆ ಸೇರಿರಲಿಲ್ಲ. ಸಹಿ ಹಾಕಿದ ಇಬ್ಬರನ್ನೂ ಒಟ್ಟಿಗೆ ಕರೆದು ಕೇಳುವ ನ್ಯಾಯಪೀಠ ಇರಲೇ ಇಲ್ಲ. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಮಸ್ಕಿಯ ಬಂಡೆಯಿದೆಯಲ್ಲ, ಅಶೋಕನ ಹೆಸರುಳ್ಳದ್ದು, 1915ರಲ್ಲಿ ಬೆಳಕಿಗೆ ಬಂದದ್ದು. ಎರಡು ಸಾವಿರ ವರ್ಷ ಬಾಳುವಂತೆ ಕೆತ್ತಿದ ಆ ಮಾತನ್ನು ನಡೆಸುವುದೂ ಅರಸನ ಮನಸ್ಸಿಗೆ ಬಿಟ್ಟದ್ದಾಗಿತ್ತು.

1950ರ ಸಂವಿಧಾನ ರಾಜ್ಯರಾಜ್ಯಗಳ ವ್ಯಾಜ್ಯವನ್ನು 131ನೆಯ ಅನುಚ್ಛೇದದಲ್ಲಿ ಸುಪ್ರೀಂ ಕೋರ್ಟಿಗೆ ಒಪ್ಪಿಸಿತು. ಅದೇ ಉಸಿರಿನಲ್ಲಿ, ಸಂವಿಧಾನಕ್ಕೆ ಮುಂಚೆ ಮಾಡಿಕೊಂಡು ಜಾರಿಯಲ್ಲಿರುವ ಒಪ್ಪಂದಗಳ ವ್ಯಾಜ್ಯವನ್ನು ಹೊರಗಿಟ್ಟಿತು. 1956ರ ಅಂತರರಾಜ್ಯ ಜಲವಿವಾದ ಕಾಯಿದೆ ಇನ್ನೊಂದು ಅಗುಳಿ ಹಾಕಿತು: ನ್ಯಾಯಮಂಡಳಿಗೆ ಒಪ್ಪಿಸತಕ್ಕ ಜಲವಿವಾದವನ್ನು ಯಾವ ನ್ಯಾಯಾಲಯವೂ ವಿಚಾರಿಸಕೂಡದು. ಅದೇ ವರ್ಷ ನವೆಂಬರ್ 1ರಂದು ಹೈದರಾಬಾದು ರಾಜ್ಯವೇ ಇಲ್ಲವಾಗಿ ರಾಯಚೂರು ಮೈಸೂರಿಗೆ ಸೇರಿತು. ಮಾತು ಕೊಟ್ಟವರ ಮನೆಯೇ ಪಾಲಾದ ಮೇಲೆ ಪತ್ರವನ್ನು ಯಾರ ಪೆಟ್ಟಿಗೆಯಲ್ಲಿ ಹುಡುಕುವುದು?

ನ್ಯಾಯಮೂರ್ತಿ ಬಚಾವತರ ನ್ಯಾಯಮಂಡಳಿ 1969ರಲ್ಲಿ ಕುಳಿತಿತು, 1973ರಲ್ಲಿ ತೀರ್ಪು ಹೇಳಿತು. ಅದರ ಮೇರೆಗೆ ತುಂಗಭದ್ರಾ ಯೋಜನೆಯಲ್ಲಿ ಇಂದು ಕರ್ನಾಟಕಕ್ಕೆ 151.49, ಆಂಧ್ರಕ್ಕೆ 72, ತೆಲಂಗಾಣಕ್ಕೆ 6.51 ಟಿ.ಎಂ.ಸಿ. ಸಲ್ಲುತ್ತದೆ. ಇದು ಗಟ್ಟಿಯಾದ ಪಾಲು. ಮಂಡಳಿ ಇನ್ನೊಂದು ಯೋಜನೆಯನ್ನೂ ರೂಪಿಸಿತ್ತು. ಅದಕ್ಕೆ ‘ಸ್ಕೀಮ್ ಬಿ’ ಎಂದು ಹೆಸರು. ಕೃಷ್ಣಾ ಕಣಿವೆಯ ಹೆಚ್ಚುವರಿ ನೀರಿನ ಹಂಚಿಕೆ ಅದರಲ್ಲಿತ್ತು. ಅದನ್ನು ಜಾರಿಗೊಳಿಸಿರೆಂದು ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. 2000ದ ಏಪ್ರಿಲ್‌ನಲ್ಲಿ ಬಂದ ಉತ್ತರ ಗಮನಿಸತಕ್ಕದ್ದು. ಮಂಡಳಿಯ ತೀರ್ಪನ್ನು ಜಾರಿ ಮಾಡಿಸಲು ಸುಪ್ರೀಂ ಕೋರ್ಟಿಗೆ ಬರಬಹುದು. ಆದರೆ ಪಕ್ಷಗಾರರು ಒಪ್ಪಿದರೆ ಅಥವಾ ಸಂಸತ್ತು ಕಾನೂನು ಮಾಡಿದರೆ ಮಾತ್ರ ನಡೆಯುವ ಯೋಜನೆ ತೀರ್ಪೇ ಅಲ್ಲ. ಕಾನೂನಿನ ಕಣ್ಣಿಗೆ ಇದು ಸರಿಯೇ ಎಂದು ನನ್ನ ಅಭಿಪ್ರಾಯ. ಒಪ್ಪದವನನ್ನು ಒಪ್ಪಿದನೆಂದು ಹೇಳುವ ಅಧಿಕಾರ ನ್ಯಾಯಾಧೀಶನಿಗೂ ಇಲ್ಲ. 2002ರ ತಿದ್ದುಪಡಿಯಿಂದ ಮಂಡಳಿಯ ತೀರ್ಪಿಗೆ ಸುಪ್ರೀಂ ಕೋರ್ಟಿನ ಡಿಕ್ರಿಯಷ್ಟೇ ಬಲ ಬಂದಿದೆ.

ಕಾಲುವೆಯ ಕೊನೆಭಾಗದ ರೈತ ಇದರಲ್ಲೆಲ್ಲ ಪಕ್ಷಗಾರನಲ್ಲ. ಯಾವ ತಿಂಗಳವರೆಗೆ ನೀರು ಬಿಡುವುದೆಂದು ನೀರಾವರಿ ಸಲಹಾ ಸಮಿತಿ ತೀರ್ಮಾನಿಸುತ್ತದೆ. ಅದು ಭತ್ತದ ಕರಾರಿನಂತಲ್ಲ. ಆದರೂ ಅವನಿಗೆ 226ನೆಯ ಅನುಚ್ಛೇದವುಂಟು. ಮೊದಲು ಹೈಕೋರ್ಟಿಗಾಗಿ ಬೆಂಗಳೂರಿಗೆ ಹೋಗಬೇಕಿತ್ತು; ಕಲಬುರಗಿಯಲ್ಲಿ 2008ರಲ್ಲಿ ಸಂಚಾರಿ ಪೀಠ ಬಂದು 2013ರಲ್ಲಿ ಕಾಯಂ ಆಯಿತು. ಆ ಪೀಠ ರಾಜ್ಯದ ಪಾಲನ್ನು ಒಂದು ಹನಿಯೂ ಹೆಚ್ಚಿಸಲಾರದು. ಅಧಿಕಾರಿಗಳು ಕಾನೂನಿನಂತೆ ನಡೆದರೇ, ಪಕ್ಷಪಾತ ಮಾಡಿದರೇ ಎಂದು ಕೇಳಬಲ್ಲದು. ಅಲ್ಲಿಗೆ ಹೋಗುವವರು ಸಮಿತಿಯ ತೀರ್ಮಾನದ ಪ್ರತಿ, ನೀರಿನ ಕರದ ರಸೀದಿ, ತಮ್ಮ ವಿತರಣಾ ಕಾಲುವೆಯ ದಿನವಹಿ ಗೇಜು ಲೆಕ್ಕ ಇವನ್ನು ಜೊತೆಯಲ್ಲಿಟ್ಟುಕೊಳ್ಳಬೇಕು. ಗೇಜು ಲೆಕ್ಕವನ್ನು 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಅರ್ಜಿ ಕೊಟ್ಟು ಕೇಳಬಹುದು; ಅರ್ಜಿಯ ಶುಲ್ಕ ಹತ್ತು ರೂಪಾಯಿ.